ಹಾಡು ಬಂತು ಅಂತ ಎದ್ದು ಹೋಗಬೇಡಿ: ಹಿಪ್-ಹಾಪ್ ಸಿನಿಮಾ ನೋಡುವುದು ಹೇಗೆ?

ಜುಲೈ ತಿಂಗಳ ಒಂದು ರಾತ್ರಿ, ಸಾಗರದಲ್ಲಿ ಅಕ್ಕನ ಮನೆ. ಹೊರಗೆ ಬಿಡದೆ ಸುರಿಯುವ ಮಳೆ. ಅಕ್ಕನ ಮಗ ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾನೆ. ಅವನ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಈ ಸಲ ಭಾವಗೀತೆ, ಜನಪದ ಗೀತೆಯ ಜೊತೆಗೆ ರ‍್ಯಾಪ್ ಸ್ಪರ್ಧೆಯೂ ಇದೆ. ಇವನು ಹೆಸರು ಕೊಟ್ಟು ಬಂದಿದ್ದ. "ಅದು ಹಾಡಾ, ಜಗಳಾನಾ?" ಅಂತ ಅಕ್ಕ ಕೇಳಿದಳು. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ ಅಂತ ಅವನು ಒಂದು ಸಿನಿಮಾ ಹಾಕಿದ. 2002ರಲ್ಲಿ ಬಂದ '8 ಮೈಲ್'.

ಸಿನಿಮಾ ಕೊನೆಗೆ ಬಂದಿತ್ತು. ನಾಯಕ ವೇದಿಕೆ ಹತ್ತಿದ, ಹಿಂದಿನಿಂದ ಡ್ರಮ್ಮಿನ ಸದ್ದು ಶುರುವಾಯಿತು. ಹಾಡು ಬಂತಲ್ಲ ಅಂತ ಅಕ್ಕ ಎದ್ದು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದಳು. ವಾಪಸ್ ಬರುವಾಗ ಎಲ್ಲ ಮುಗಿದಿತ್ತು. "ಅಲ್ಲ ಮಾರಾಯ, ಇಷ್ಟು ಬೇಗ ಹೇಗೆ ಗೆದ್ದ? ಆ ಇನ್ನೊಬ್ಬ ಯಾಕೆ ಬಾಯಿ ಬಿಡದೆ ನಿಂತಿದಾನೆ?" ಅಂತ ನನ್ನನ್ನು ಕೇಳಿದಳು.

ತಪ್ಪು ಅಕ್ಕನದಲ್ಲ. ನಾವು ನೋಡಿ ಬೆಳೆದ ಎಷ್ಟೋ ಸಿನಿಮಾಗಳಲ್ಲಿ ಹಾಡು ಬಂದರೆ ಕತೆ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳುತ್ತದೆ. ಎದ್ದು ಹೋಗಿ ಬಂದರೂ ಏನೂ ತಪ್ಪುವುದಿಲ್ಲ. ಹಿಪ್-ಹಾಪ್ ಸಿನಿಮಾದಲ್ಲಿ ಕತೆ ತಿರುಗುವ ಜಾಗವೇ ಹಾಡು. ಯಾಕೆ ಹಾಗೆ ಅಂತ ಅಕ್ಕನಿಗೆ ಆ ರಾತ್ರಿ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಿಪ್-ಹಾಪ್ ಬೇರೆ, ರ‍್ಯಾಪ್ ಬೇರೆ

ತಾಳಕ್ಕೆ ಸರಿಯಾಗಿ, ಪ್ರಾಸ ಕೂಡಿಸಿ ಆಡುವ ಮಾತು ರ‍್ಯಾಪ್. ಹಿಪ್-ಹಾಪ್ ಅದಕ್ಕಿಂತ ದೊಡ್ಡದು. ಅದರಲ್ಲಿ ನಾಲ್ಕು ಕಲೆಗಳಿವೆ. ರೆಕಾರ್ಡ್ ನುಡಿಸುವವನು ಡಿಜೆ. ಮಾತು ಕಟ್ಟಿ ಹೇಳುವವನು ಎಂಸಿ. ನೆಲಕ್ಕೆ ಕೈ ಊರಿ, ಬೆನ್ನ ಮೇಲೆ ಗಿರಗಿರ ತಿರುಗುವ ಕುಣಿತ ಬ್ರೇಕಿಂಗ್. ಗೋಡೆ, ರೈಲುಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಬರೆಯುವುದು ಗ್ರಾಫಿಟಿ. ಯಕ್ಷಗಾನ ಅಂದರೆ ಬರೀ ಭಾಗವತಿಕೆ ಅಲ್ಲ, ವೇಷ, ಕುಣಿತ, ಮಾತು ಎಲ್ಲ ಸೇರಿದ್ದು ಅಲ್ವಾ? ಇದೂ ಹಾಗೇ.

ಡಿಜೆ ಅನ್ನುವ ಪದದ ಬಗ್ಗೆ ಒಂದು ಮಾತು. ಶಿವಮೊಗ್ಗದ ಕಡೆ ಡಿಜೆ ಅಂದರೆ ಗಣಪತಿ ಮೆರವಣಿಗೆಯಲ್ಲಿ ಲಾರಿ ತುಂಬ ಪೇರಿಸಿದ ಸ್ಪೀಕರ್. ಹಿಪ್-ಹಾಪ್‌ನಲ್ಲಿ ಡಿಜೆ ಒಬ್ಬ ಮನುಷ್ಯ. ಆಟದಲ್ಲಿ ಭಾಗವತರಿಗೆ ಇರುವಂಥ ಜಾಗ ಅವನದು. ಮೊದಲಿನ ದಿನಗಳಲ್ಲಿ ಎಲ್ಲರೂ ಬರುತ್ತಿದ್ದದ್ದು ಅವನಿಗಾಗಿ. ಮೈಕ್ ಹಿಡಿದು ಮಾತಾಡುವವನು ಅವನ ಪಕ್ಕದಲ್ಲಿ ನಿಂತು ಜನರನ್ನು ಹುರಿದುಂಬಿಸುತ್ತಿದ್ದ, ಅಷ್ಟೆ.

ಅಣ್ಣ-ತಂಗಿ ಇಬ್ಬರು ಮಾಡಿದ ಒಂದು ಪಾರ್ಟಿ

ಹಿಪ್-ಹಾಪ್ ಹುಟ್ಟಿದ ದಿನ ಅಂತ ಹೇಳುವುದು 1973ರ ಆಗಸ್ಟ್ 11ನ್ನು. ಊರು ನ್ಯೂಯಾರ್ಕ್, ಬಡಾವಣೆ ಬ್ರಾಂಕ್ಸ್, ವಿಳಾಸ 1520 ಸೆಡ್ಜ್‌ವಿಕ್ ಅವೆನ್ಯೂ. ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತು. ತಾವಿದ್ದ ಕಟ್ಟಡದ ಕೆಳಗಿನ ಕೋಣೆಯಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಜಮೈಕಾದಿಂದ ಬಂದ 18 ವರ್ಷದ ಕ್ಲೈವ್. ಆಗಲೇ ಅವನಿಗೆ ಡಿಜೆ ಕೂಲ್ ಹರ್ಕ್ ಅನ್ನುವ ಹೆಸರಿತ್ತು.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡಿನಲ್ಲಿ ಹಾಡುಗಾರ ಸುಮ್ಮನಾಗಿ ಡ್ರಮ್ ಮಾತ್ರ ಉಳಿಯುವ ಕೆಲವು ಸೆಕೆಂಡು ಬರುತ್ತದೆ. ಕುಣಿಯುವವರು ಕಾದು ನಿಂತು, ಅದು ಬಂದ ಕೂಡಲೇ ನುಗ್ಗುತ್ತಾರೆ. ನಮ್ಮ ಬಯಲಾಟದಲ್ಲಿ ಭಾಗವತರು ಪದ ನಿಲ್ಲಿಸಿ ಚೆಂಡೆ, ಮದ್ದಲೆ ಮಾತ್ರ ಜೋರಾಗುವಾಗ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರಲ್ಲ, ಆ ಹೊತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಬ್ರೇಕ್ ಅನ್ನುತ್ತಾರೆ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಪ್ಲೇಯರ್ ಮೇಲೆ ಇಟ್ಟ. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಮತ್ತೆ ಶುರು ಮಾಡಿದ. ಕೆಲವೇ ಸೆಕೆಂಡಿನ ತುಣುಕನ್ನು ನಿಮಿಷಗಟ್ಟಲೆ ಎಳೆದ. ಆ ಬ್ರೇಕ್‌ಗೆ ಕುಣಿದದ್ದೇ ಮುಂದೆ ನಮ್ಮ ಊರಿನ ಶಾಲಾ ವಾರ್ಷಿಕೋತ್ಸವಗಳಿಗೂ ಬಂದ 'ಬ್ರೇಕ್ ಡ್ಯಾನ್ಸ್'. ಹೆಸರಿನಲ್ಲಿ ಬ್ರೇಕ್ ಯಾಕಿದೆ ಅಂತ ನಾನು ಚಿಕ್ಕವನಿದ್ದಾಗ ತಲೆ ಕೆಡಿಸಿಕೊಂಡಿದ್ದೆ. ಮೈ ಮುರಿಯುವ ಹಾಗೆ ಕುಣಿಯುವುದಕ್ಕೆ ಆ ಹೆಸರು ಅಂದುಕೊಂಡಿದ್ದೆ.

ಹಳೇ ಹಾಡಿನ ತುಣುಕು ತೆಗೆದು ಹೊಸದನ್ನು ಕಟ್ಟುವ ಈ ಕೆಲಸವೇ ಮುಂದೆ ಸ್ಯಾಂಪ್ಲಿಂಗ್ ಅನ್ನುವ ವಿದ್ಯೆಯಾಯಿತು. ಹಳೇ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ. ಸೀರೆ ಯಾರದೋ, ಕೌದಿ ನಮ್ಮದು.

ಬ್ರಾಂಕ್ಸ್‌ನಲ್ಲೇ ಯಾಕೆ? ಅಲ್ಲಿ ನಡುವೆ ಒಂದು ದೊಡ್ಡ ಹೆದ್ದಾರಿ ಹಾಯಿಸಿದ್ದರು, ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ. 1948ರಲ್ಲಿ ಶುರುವಾದ ಕೆಲಸ ಮುಗಿಯುವಾಗ 1972. ಸಾವಿರಾರು ಸಂಸಾರ ಮನೆ ಬಿಟ್ಟವು. ಅನುಕೂಲ ಇದ್ದವರು ಬೇರೆ ಕಡೆ ಹೋದರು, ಇಲ್ಲದವರು ಉಳಿದರು. ಮನೆಗಳ ಬೆಲೆ ಬಿತ್ತು. ವಿಮೆ ಹಣಕ್ಕಾಗಿ ಮಾಲೀಕರೇ ಕಟ್ಟಡಕ್ಕೆ ಬೆಂಕಿ ಹಾಕಿಸಿದ್ದೂ ಉಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಸಾಗರ, ಹೊಸನಗರದ ಕಡೆ ಇವತ್ತಿಗೂ ಮುಳುಗಿದ ಊರಿನ ಹೆಸರನ್ನೇ ಹೇಳುತ್ತಾರೆ. ಯಾರಿಗೋ ಬೇಕಾದ ದೊಡ್ಡ ಕಾಮಗಾರಿಗೆ ತಮ್ಮ ಜಾಗ ಕಳೆದುಕೊಂಡವರು ಊರ ಹೆಸರನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದಿರುತ್ತಾರೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರ‍್ಯಾಪರ್‌ಗಳು ಹಾಡಿನಲ್ಲಿ ತಮ್ಮ ಬೀದಿ, ಬಡಾವಣೆಯ ಹೆಸರನ್ನು ಮತ್ತೆ ಮತ್ತೆ ಹೇಳುವುದಕ್ಕೂ ಬೇರು ಇಲ್ಲೇ ಇದೆ.

ಅಡುಗೆಮನೆಯಲ್ಲಿ ಡಿಜೆ: ಮೊದಲ ಸಿನಿಮಾ

ಹಿಪ್-ಹಾಪ್ ಲೋಕವನ್ನೇ ಕತೆಯಾಗಿಸಿದ ಮೊದಲ ಕಥಾಚಿತ್ರ 1983ರ 'ವೈಲ್ಡ್ ಸ್ಟೈಲ್'. ನಿರ್ದೇಶಕ ಚಾರ್ಲಿ ಅಹರ್ನ್. ಇದರ ವಿಶೇಷ ಏನೆಂದರೆ, ನಟರನ್ನು ಕರೆಸಿ ಹಿಪ್-ಹಾಪ್ ಕಲಿಸಲಿಲ್ಲ. ಹಿಪ್-ಹಾಪ್ ಮಾಡುತ್ತಿದ್ದವರನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ರೈಲಿನ ಮೇಲೆ ಚಿತ್ರ ಬರೆಯುವ ನಾಯಕನ ಪಾತ್ರ ಮಾಡಿದ ಲೀ ಕಿನ್ಯೋನೆಸ್ ನಿಜವಾಗಿಯೂ ರೈಲಿನ ಮೇಲೆ ಬರೆಯುತ್ತಿದ್ದವರು. ಒಂದು ದೃಶ್ಯದಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಡಿಜೆ ಅಡುಗೆಮನೆಯಲ್ಲಿ ನಿಂತು ಎರಡು ರೆಕಾರ್ಡ್ ತಿರುಗಿಸುತ್ತಾನೆ. ಅದೇ ಅವನ ಸ್ಟುಡಿಯೊ. ನಟನೆ ಅಲ್ಲಲ್ಲಿ ಬಿಗಿ ಅನ್ನಿಸುತ್ತದೆ, ಕತೆಯೂ ತೆಳ್ಳಗಿದೆ. ಆದರೆ ಆ ಅಡುಗೆಮನೆಯ ಕೆಲವು ನಿಮಿಷಗಳಿಗಾಗಿ ನಾನು ಆ ಸಿನಿಮಾವನ್ನು ಮತ್ತೆ ನೋಡುತ್ತೇನೆ.

ರೈಲಿನ ಮೇಲೆ ಯಾಕೆ ಬರೆಯಬೇಕು? ಬ್ರಾಂಕ್ಸ್‌ನ ಹುಡುಗ ಊರೆಲ್ಲ ಸುತ್ತಲಾರ, ರೈಲು ಸುತ್ತುತ್ತದೆ. ಅದರ ಮೇಲೆ ತನ್ನ ಹೆಸರು ಬರೆದರೆ ಹೆಸರಾದರೂ ಊರು ನೋಡಿ ಬರುತ್ತದೆ. ಗೋಡೆಯ ಮೇಲೆ ಬರೆಯುವುದು ನಮಗೂ ಹೊಸದಲ್ಲ. ಸಾಗರ, ಸೊರಬದ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಚಿತ್ತಾರ ಬರೆಯುವುದು ಸ್ವಂತ ಗೋಡೆಗೆ, ಮದುವೆಯ ಸಂಭ್ರಮಕ್ಕೆ, ಮನೆಯವರೆಲ್ಲ ಒಪ್ಪಿ. ಗ್ರಾಫಿಟಿ ಬೇರೆಯವರ ಗೋಡೆಗೆ, ರಾತ್ರಿ ಹೊತ್ತು, ಕದ್ದು. ಕಾನೂನಿನ ಪ್ರಕಾರ ತಪ್ಪು. ಸಿನಿಮಾದ ನಾಯಕನ ಗೊಂದಲವೂ ಇದೇ: ಕದ್ದು ಬರೆದರೆ ಬೀದಿಯಲ್ಲಿ ಮರ್ಯಾದೆ, ಒಪ್ಪಿಗೆ ಪಡೆದು ಬರೆದರೆ ದುಡ್ಡು.

ಮರುವರ್ಷ, 1984ರಲ್ಲಿ, 'ಬ್ರೇಕಿನ್' ಮತ್ತು 'ಬೀಟ್ ಸ್ಟ್ರೀಟ್' ಬಂದವು. ಕುಣಿತವನ್ನು ದೇಶ ದೇಶಕ್ಕೆ ಹಬ್ಬಿಸಿದ್ದರಲ್ಲಿ ಇವುಗಳ ಪಾಲು ದೊಡ್ಡದು. ಆ ಕುಣಿತವೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಯಿತು. ಜಪಾನಿನ ಅಮಿ ಮತ್ತು ಕೆನಡಾದ ಫಿಲ್ ವಿಜರ್ಡ್ ಚಿನ್ನ ಗೆದ್ದರು.

ಬೈದುಕೊಳ್ಳುವುದು ಯಾಕೆ? ತಾಳಮದ್ದಲೆ ಗೊತ್ತಿದ್ದವರಿಗೆ ಇದು ಸುಲಭ

ಈಗ ಅಕ್ಕ ತಪ್ಪಿಸಿಕೊಂಡ ದೃಶ್ಯಕ್ಕೆ ಬರೋಣ. ಮೊದಲು ನಿಯಮ ತಿಳಿಯಬೇಕು.

ರ‍್ಯಾಪ್ ಬ್ಯಾಟಲ್ ಅಂದರೆ ಇಬ್ಬರು ಎದುರುಬದುರು ನಿಂತು ಪ್ರಾಸದಲ್ಲಿ ಮಾಡುವ ವಾದ. ಡಿಜೆ ಒಂದು ತಾಳ ಹಾಕುತ್ತಾನೆ. ಅದಕ್ಕೆ ಬೀಟ್ ಅನ್ನುತ್ತಾರೆ. ಮೊದಲು ಒಬ್ಬ, ಆಮೇಲೆ ಇನ್ನೊಬ್ಬ. ಈ ಸಿನಿಮಾದಲ್ಲಿರುವಂಥ ಬ್ಯಾಟಲ್‌ನಲ್ಲಿ ಬರೆದುಕೊಂಡು ಬಂದದ್ದನ್ನು ಓದುವಂತಿಲ್ಲ, ನಿಂತಲ್ಲೇ ಕಟ್ಟಬೇಕು. ಅದಕ್ಕೆ ಫ್ರೀಸ್ಟೈಲ್ ಅಂತ ಹೆಸರು. ಮಾತು ಬೀಟ್ ಮೇಲೆ ಎಷ್ಟು ಸಲೀಸಾಗಿ ಕೂರುತ್ತದೆ ಅನ್ನುವುದು ಫ್ಲೋ. ಯಾರು ಗೆದ್ದರು ಅಂತ ಹೇಳುವುದು ಸುತ್ತ ನಿಂತ ಜನರ ಕೂಗು.

ತಾಳಮದ್ದಲೆ ನೋಡಿದವರಿಗೆ ಇದು ಚೆನ್ನಾಗಿ ಗೊತ್ತಿರುವ ಆಟ. ಅಲ್ಲೂ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರ ಪದ ಮುಗಿದ ಮೇಲೆ ಮಾತು ಅವರದೇ, ಅಲ್ಲೇ ಹುಟ್ಟಿದ್ದು. ಕೃಷ್ಣ ಒಂದು ಪಟ್ಟು ಹಾಕಿದರೆ ಭೀಷ್ಮ ಬಿಡಿಸಿಕೊಳ್ಳಬೇಕು. ಉತ್ತರ ಹೊಳೆಯದೆ ಒಬ್ಬ ತಡವರಿಸಿದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ವ್ಯತ್ಯಾಸ ಇಷ್ಟು: ತಾಳಮದ್ದಲೆಯಲ್ಲಿ ವಾದ ಪಾತ್ರ ಪಾತ್ರಗಳ ನಡುವೆ, ಬ್ಯಾಟಲ್‌ನಲ್ಲಿ ಮನುಷ್ಯ ಮನುಷ್ಯರ ನಡುವೆ. ಎದುರಿನವನ ಬಟ್ಟೆ, ಬಡತನ, ಮನೆತನ ಎಲ್ಲವೂ ಮಾತಿಗೆ ಸಿಗುತ್ತವೆ. ಕಿವಿಗೆ ಬೈಗುಳ ಅನ್ನಿಸುವುದು ಅದಕ್ಕೇ. ಕೈ ಎತ್ತುವ ಬದಲು ಮಾತು ಎತ್ತುವುದು ಈ ಆಟದ ಕಟ್ಟಳೆ.

'8 ಮೈಲ್' ನಡೆಯುವುದು ಡೆಟ್ರಾಯಿಟ್‌ನಲ್ಲಿ, 1995ರಲ್ಲಿ. ಹೆಸರು ಒಂದು ರಸ್ತೆಯದು. ರಸ್ತೆಯ ಈಚೆ ಹೆಚ್ಚಾಗಿ ಕಪ್ಪು ಜನರಿರುವ ಬಡ ನಗರ, ಆಚೆ ಹೆಚ್ಚಾಗಿ ಬಿಳಿಯರಿರುವ ಅನುಕೂಲಸ್ಥ ಬಡಾವಣೆಗಳು. ನಾಯಕನ ಪಾತ್ರದಲ್ಲಿ ರ‍್ಯಾಪರ್ ಎಮಿನೆಮ್. ಬಿಳಿ ಹುಡುಗ, ಆದರೆ ಬಡವ. ಗಾಲಿಯ ಮೇಲಿನ ಟ್ರೇಲರ್ ಮನೆಯಲ್ಲಿ ಅಮ್ಮನ ಜೊತೆ ಇದ್ದಾನೆ, ಕಾರ್ಖಾನೆಯಲ್ಲಿ ಕೆಲಸ. ಸಿನಿಮಾದ ಶುರುವಿನಲ್ಲೇ ಅವನು ವೇದಿಕೆ ಹತ್ತಿ, ಬಾಯಿ ಕಟ್ಟಿ, ಒಂದು ಮಾತೂ ಆಡಲಾಗದೆ ಇಳಿಯುತ್ತಾನೆ.

ಕೊನೆಯ ಬ್ಯಾಟಲ್‌ನಲ್ಲಿ ಅವನೇ ಮೊದಲು ಮಾತಾಡಬೇಕು. ಅದು ಕಷ್ಟದ ಜಾಗ, ಯಾಕೆಂದರೆ ಉತ್ತರ ಕೊಡುವ ಅವಕಾಶ ಎದುರಿನವನಿಗೆ. ಆಗ ಅವನು ಏನು ಮಾಡುತ್ತಾನೆ ಗೊತ್ತಾ? ಎದುರಿನವನನ್ನು ಬೈಯುವ ಮೊದಲು ತನ್ನ ಎಲ್ಲ ಹುಳುಕನ್ನೂ ತಾನೇ ಹೇಳಿಕೊಳ್ಳುತ್ತಾನೆ. ನಾನು ಬಿಳಿಯ, ಹೌದು. ಟ್ರೇಲರ್‌ನಲ್ಲಿ ಇದ್ದೇನೆ, ಹೌದು. ನಿಮ್ಮವರ ಕೈಲಿ ಹೊಡೆತ ತಿಂದಿದ್ದೇನೆ, ಅದೂ ಹೌದು. ಆಮೇಲೆ ಒಂದೇ ಒಂದು ಗುಟ್ಟು ಹೊರಗೆ ಹಾಕುತ್ತಾನೆ. ಬೀದಿ ರೌಡಿಯ ಹಾಗೆ ಮೆರೆಯುವ ಎದುರಾಳಿ ಓದಿದ್ದು ದುಬಾರಿ ಖಾಸಗಿ ಶಾಲೆಯಲ್ಲಿ. ಈಗ ಮೈಕ್ ಎದುರಾಳಿಯ ಕೈಗೆ ಬರುತ್ತದೆ. ಅವನು ಆಡಬೇಕೆಂದಿದ್ದ ಮಾತೆಲ್ಲ ಇವನೇ ಆಡಿಬಿಟ್ಟಿದ್ದಾನೆ. ಬೀಟ್ ಓಡುತ್ತಲೇ ಇದೆ, ಅವನು ಸುಮ್ಮನೆ ನಿಂತಿದ್ದಾನೆ.

ಸಿನಿಮಾದ ಮೊದಲಲ್ಲಿ ಬಾಯಿ ಕಟ್ಟಿದ್ದು ಇವನಿಗೆ, ಕೊನೆಯಲ್ಲಿ ಅವನಿಗೆ. ಹೆಪ್ಪು ಹಾಕಲು ಹೋದ ಅಕ್ಕನಿಗೆ ತಪ್ಪಿದ್ದು ಇದು. ಈ ಸಿನಿಮಾಕ್ಕೆ ಎಮಿನೆಮ್ ಬರೆದು ಹಾಡಿದ 'ಲೂಸ್ ಯುವರ್‌ಸೆಲ್ಫ್'ಗೆ 2003ರಲ್ಲಿ ಆಸ್ಕರ್ ಬಂತು. ಒಂದು ರ‍್ಯಾಪ್ ಹಾಡಿಗೆ ಆಸ್ಕರ್ ಬಂದದ್ದು ಅದೇ ಮೊದಲು.

ಸಿಟ್ಟು, ಪೊಲೀಸರು, ಕೆಟ್ಟ ಮಾತು

ಹೆತ್ತವರು ಹೆದರುವುದು ಇಲ್ಲಿ. ಈ ಸಿನಿಮಾಗಳಲ್ಲಿ ಕೆಟ್ಟ ಮಾತು ಜಾಸ್ತಿ, ಹೊಡೆದಾಟ ಇದೆ, ಕೆಲವದರಲ್ಲಿ ಬಂದೂಕು ಕೂಡ. ಚಿಕ್ಕ ಮಕ್ಕಳ ಜೊತೆ ನೋಡುವಂಥದ್ದಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಅನ್ನುವುದನ್ನು ಒಳ್ಳೆಯ ಸಿನಿಮಾ ತೋರಿಸಿಯೇ ತೋರಿಸುತ್ತದೆ.

1989ರಲ್ಲಿ ಸ್ಪೈಕ್ ಲೀ ಮಾಡಿದ 'ಡು ದ ರೈಟ್ ಥಿಂಗ್' ತೆಗೆದುಕೊಳ್ಳಿ. ಬ್ರೂಕ್ಲಿನ್‌ನಲ್ಲಿ ಬಿಸಿಲು ಕುದಿಯುವ ಒಂದು ದಿನದ ಕತೆ. ರೇಡಿಯೊ ರಹೀಮ್ ಅನ್ನುವ ಯುವಕ ದೊಡ್ಡದೊಂದು ಟೇಪ್ ರೆಕಾರ್ಡರ್ ಹೊತ್ತು ತಿರುಗುತ್ತಾನೆ. ಅದರಲ್ಲಿ ಯಾವಾಗಲೂ ಒಂದೇ ರ‍್ಯಾಪ್ ಹಾಡು, ಜೋರಾಗಿ. ಪಿಜ್ಜಾ ಅಂಗಡಿಯವನು ಸಿಟ್ಟಿನಲ್ಲಿ ಆ ಪೆಟ್ಟಿಗೆಯನ್ನು ಒಡೆದು ಹಾಕುತ್ತಾನೆ. ಹೊಡೆದಾಟ ಆಗುತ್ತದೆ, ಬಿಡಿಸಲು ಬಂದ ಪೊಲೀಸರ ಕೈಯಲ್ಲಿ ರಹೀಮ್‌ನ ಉಸಿರು ನಿಲ್ಲುತ್ತದೆ. ಆಮೇಲೆ ಆ ಅಂಗಡಿಯೇ ಹೊತ್ತಿ ಉರಿಯುತ್ತದೆ. ಇಡೀ ಬೀದಿಯಲ್ಲಿ ಅವನದು ಅಂತ ಇದ್ದದ್ದು ಆ ಸದ್ದೊಂದೇ. ಅದನ್ನು ಒಡೆದ ಕ್ಷಣ ಯಾಕೆ ಅಷ್ಟು ಭಾರ ಅನ್ನುವುದು ಈಗ ತಿಳಿಯುತ್ತದೆ.

'ಸ್ಟ್ರೇಟ್ ಔಟಾ ಕಾಂಪ್ಟನ್' 2015ರದು, ನಿಜವಾಗಿ ಇದ್ದ ಎನ್‌ಡಬ್ಲ್ಯುಎ ತಂಡದ ಕತೆ. ಕಾಂಪ್ಟನ್ ಲಾಸ್ ಏಂಜಲಿಸ್ ಪಕ್ಕದ ಒಂದು ಊರು. ಪೊಲೀಸರ ವಿರುದ್ಧ ಇವರು ಮಾಡಿದ ಹಾಡಿನ ಬಗ್ಗೆ ತನಿಖಾ ಸಂಸ್ಥೆ ಎಫ್‌ಬಿಐಯಿಂದಲೇ 1989ರಲ್ಲಿ ರೆಕಾರ್ಡ್ ಕಂಪನಿಗೆ ಪತ್ರ ಹೋಗಿತ್ತು. ತಂಡದ ಐಸ್ ಕ್ಯೂಬ್ ಪಾತ್ರವನ್ನು ಅವರ ಮಗನೇ ಮಾಡಿದ್ದಾರೆ. ಇದನ್ನು ನೋಡುವಾಗ ಒಂದು ವಿಷಯ ನೆನಪಿರಲಿ: ನಿರ್ಮಾಪಕರಲ್ಲಿ ಐಸ್ ಕ್ಯೂಬ್, ಅದೇ ತಂಡದ ಡಾ. ಡ್ರೇ ಇಬ್ಬರೂ ಇದ್ದಾರೆ. ತಮ್ಮ ಕತೆಯನ್ನು ತಾವೇ ದುಡ್ಡು ಹಾಕಿ ಹೇಳಿಸಿದರೆ ಕೆಲವು ಪುಟ ಹರಿದು ಹೋಗುತ್ತವೆ. ಡ್ರೇ ಹೆಣ್ಣುಮಕ್ಕಳ ಮೇಲೆ ಮಾಡಿದ ಹಲ್ಲೆ ಈ ಸಿನಿಮಾದಲ್ಲಿ ಇಲ್ಲ. ಬಿಡುಗಡೆಯಾದಾಗ ಇದೇ ಪ್ರಶ್ನೆ ಎದ್ದಿತು. ತಾವು ನೋಯಿಸಿದ ಹೆಣ್ಣುಮಕ್ಕಳ ಕ್ಷಮೆಯನ್ನು ಅವರು ಅದೇ ವರ್ಷ ಕೇಳಿದರು.

ಧಾರಾವಿಯ ಹುಡುಗ

ನಮ್ಮ ದೇಶದ ಮಟ್ಟಿಗೆ ಬಾಗಿಲು ತೆರೆದದ್ದು 2019ರ ಹಿಂದಿ ಸಿನಿಮಾ 'ಗಲ್ಲಿ ಬಾಯ್'. ನಿರ್ದೇಶಕಿ ಜೋಯಾ ಅಖ್ತರ್. ಮುಂಬೈನ ರ‍್ಯಾಪರ್‌ಗಳಾದ ಡಿವೈನ್ ಮತ್ತು ನೇಜಿ ಅವರ ಬದುಕಿನಿಂದ ಪ್ರೇರಣೆ ಪಡೆದ ಕತೆ. ರಣವೀರ್ ಸಿಂಗ್ ಮಾಡಿದ ಮುರಾದ್ ಧಾರಾವಿಯ ಡ್ರೈವರ್ ಮಗ. ಡ್ರೈವರ್ ಮಗ ದೊಡ್ಡ ಕನಸು ಕಾಣಬಾರದು ಅನ್ನುವುದು ಮನೆಯವರ ಮಾತು.

ಒಂದು ದೃಶ್ಯ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅಪ್ಪನಿಗೆ ಪೆಟ್ಟಾಗಿ ಮುರಾದ್ ತಾನೇ ಡ್ರೈವರ್ ಕೆಲಸಕ್ಕೆ ಹೋಗುತ್ತಾನೆ. ಹಿಂದಿನ ಸೀಟಿನಲ್ಲಿ ಮಾಲೀಕರ ಮಗಳು ಅಳುತ್ತಿದ್ದಾಳೆ. ಇವನು ಒಂದು ಮಾತೂ ಕೇಳುವ ಹಾಗಿಲ್ಲ. ಒಂದೇ ಕಾರು, ನಡುವೆ ದಾಟಲಾಗದ ಅಂತರ. ಆಡಲಾಗದೆ ಉಳಿದ ಆ ಮಾತು ಪುಸ್ತಕಕ್ಕೆ ಇಳಿದು ಪದ್ಯವಾಗುತ್ತದೆ. ರ‍್ಯಾಪ್ ಹೇಗೆ ಹುಟ್ಟುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ದೃಶ್ಯ ತೋರಿಸುತ್ತೇನೆ. ಮನೆಯವರೆಲ್ಲ ಕೂತು ನೋಡಲು ಶುರು ಮಾಡುವುದಾದರೆ ಇದರಿಂದಲೇ ಮಾಡಿ. ಭಾಷೆ ಹತ್ತಿರ, ಮನೆಯೊಳಗಿನ ಜಗಳವೂ ಹತ್ತಿರ.

ಕನ್ನಡಕ್ಕೆ ಬಂದರೆ, ಚಂದನ್ ಶೆಟ್ಟಿ, ಆಲ್ ಓಕೆ ಅವರಂಥವರಿಂದ ರ‍್ಯಾಪ್ ನಮ್ಮ ಸಿನಿಮಾ ಹಾಡುಗಳಿಗೂ ಮದುವೆ ಮನೆಗಳಿಗೂ ಬಂದಿದೆ. ಕನ್ನಡದ್ದಲ್ಲದಿದ್ದರೂ, 2024ರಲ್ಲಿ ಕೇರಳ ಮೂಲದ ರ‍್ಯಾಪರ್ ಹನುಮಾನ್‌ಕೈಂಡ್ ಅವರ ಇಂಗ್ಲಿಷ್ ಹಾಡು 'ಬಿಗ್ ಡಾಗ್ಸ್'ನ ವಿಡಿಯೊ ಲೋಕವೆಲ್ಲ ಸುತ್ತಿತು. ಅದನ್ನು ತೆಗೆದದ್ದು ನಮ್ಮ ಮಾರಿಜಾತ್ರೆಗೂ ಬರುವಂಥ ಮರಣ ಬಾವಿಯೊಳಗೆ. ಬೈಕು ಗೋಡೆ ಹತ್ತುವುದನ್ನು ಕಂಡ ಕೂಡಲೇ ಅಕ್ಕನಿಗೂ ಜಾತ್ರೆ ನೆನಪಾಯಿತು.

ನಲವತ್ತು ದಾಟುವವರ ರ‍್ಯಾಪ್

ಇದೆಲ್ಲ ಹುಡುಗರ ಆಟ ಅಂತ ಅನ್ನಿಸಿದರೆ ಅದಕ್ಕೆ ಕಾರಣ ಇದೆ. ಬಹುಪಾಲು ಸಿನಿಮಾಗಳ ನಾಯಕರು ಹುಡುಗರೇ. ಹೆಣ್ಣುಮಕ್ಕಳು ಪ್ರೇಯಸಿ ಅಥವಾ ಅಮ್ಮ. ಹಿಪ್-ಹಾಪ್ ಶುರುವಾದ ಪಾರ್ಟಿಯೇ ಒಬ್ಬ ಹುಡುಗಿಯದು ಅನ್ನುವುದನ್ನು ನೆನೆದರೆ ಇದು ಬೇಸರದ ವಿಷಯ. 2020ರಲ್ಲಿ ಬಂದ 'ದ ಫಾರ್ಟಿ-ಇಯರ್-ಓಲ್ಡ್ ವರ್ಷನ್' ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ರಾಧಾ ಬ್ಲ್ಯಾಂಕ್ ಬರೆದು, ನಿರ್ದೇಶಿಸಿ, ತಾವೇ ನಟಿಸಿದ್ದಾರೆ. ನಲವತ್ತು ಹತ್ತಿರವಾದ ಒಬ್ಬ ನಾಟಕಗಾರ್ತಿ, ತನ್ನ ನಾಟಕ ಬೇರೆಯವರ ಇಷ್ಟಕ್ಕೆ ತಕ್ಕಂತೆ ಬದಲಾಗುವುದನ್ನು ಸಹಿಸಲಾಗದೆ ರ‍್ಯಾಪ್ ಮಾಡಲು ಹೊರಡುತ್ತಾಳೆ. ವಯಸ್ಸು, ತೀರಿಹೋದ ಅಮ್ಮ, ಎಲ್ಲವೂ ಅವಳ ಮಾತಿನಲ್ಲಿ ಬರುತ್ತವೆ. ಪೂರ್ತಿ ಅಲ್ಲದಿದ್ದರೂ ಹೆಚ್ಚಿನ ಭಾಗ ಕಪ್ಪು-ಬಿಳುಪು. ಅಕ್ಕನ ವಯಸ್ಸಿನವರಿಗೆ ನಾನು ಮೊದಲು ಹೇಳುವ ಸಿನಿಮಾ ಇದು.

ನಮ್ಮ ಮಾತಿನಲ್ಲಿ ಹೇಗಿರುತ್ತದೆ?

ಹಳಗನ್ನಡ ಕಾವ್ಯದಲ್ಲಿ ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕಿತ್ತು. ಅದು ಆದಿಪ್ರಾಸ. ರ‍್ಯಾಪ್‌ನಲ್ಲಿ ಪ್ರಾಸ ಸಾಲಿನ ಕೊನೆಗೆ ಬರುತ್ತದೆ, ನಡುವೆಯೂ ಅಡಗಿರುತ್ತದೆ. ವ್ಯಾಕರಣ ಇಷ್ಟೇ. ಉಳಿದದ್ದು ನೀವು ಎಲ್ಲಿಯವರು ಅನ್ನುವುದು. ಡೆಟ್ರಾಯಿಟ್‌ನ ಹುಡುಗ ಕಾರ್ಖಾನೆಯ ಬಗ್ಗೆ ಹೇಳಿದ, ಧಾರಾವಿಯ ಹುಡುಗ ಗಲ್ಲಿಯ ಬಗ್ಗೆ. ಅಕ್ಕನ ಮಗ ಮೊದಲು ಬರೆದುಕೊಂಡಿದ್ದರಲ್ಲಿ ಬಂದೂಕು, ಚಿನ್ನದ ಸರ ಎಲ್ಲ ಇತ್ತು. ಸಿನಿಮಾ ನೋಡಿದ ಮರುದಿನ ಅದನ್ನು ಹರಿದು ಹಾಕಿದ. ಆಮೇಲೆ ಬರೆದದ್ದು ಇದು:

ಸಾಗರದ ಬಸ್ಸು, ಸೀಟಿಲ್ಲ, ನಿಂತೆ,
ಅಪ್ಪನಿಗೆ ಅಡಿಕೆಗೆ ಕೊಳೆ ಬಂದ ಚಿಂತೆ.
ಶಾಲೆಗೆ ಮಳೆ ರಜೆ, ತೋಟಕ್ಕೆಲ್ಲಿ ರಜೆ?
ಮದ್ದು ಹೊಡೆದು ಇಳಿದರೂ ಮತ್ತದೇ ಮಳೆ, ಸಜೆ.

ಭಾವ ಪೇಪರ್ ಕೆಳಗಿಟ್ಟು, "ಇನ್ನೊಂದ್ಸಲ ಹೇಳು" ಅಂದರು.

ಆ ಶನಿವಾರ '8 ಮೈಲ್'ನ ಕೊನೆಯ ಇಪ್ಪತ್ತು ನಿಮಿಷವನ್ನು ಮತ್ತೆ ಹಾಕಿದೆವು. ಈ ಸಲ ಅಕ್ಕ ಮೊದಲೇ ಹೆಪ್ಪು ಹಾಕಿ ಬಂದು ಕೂತಿದ್ದಳು. ಬ್ಯಾಟಲ್ ಮುಗಿಯಿತು, ಜನ ಕೂಗಿದರು. ಗೆದ್ದ ಹುಡುಗ ಗೆಳೆಯರ ಜೊತೆ ಕುಣಿಯಲು ನಿಲ್ಲದೆ ಒಬ್ಬನೇ ಕತ್ತಲ ಓಣಿಯಲ್ಲಿ ನಡೆದು ಹೊರಟ.

"ಈಗೆಲ್ಲಿಗೆ ಹೋಗ್ತಾನೆ?" ಅಂತ ಅಕ್ಕ ಕೇಳಿದಳು.

"ಕಾರ್ಖಾನೆಗೆ ಅಮ್ಮ. ಪಾಳಿ ಮುಗಿದಿಲ್ಲ ಅವನದು."